ಬುಟ್ಟಿಯ ಭಾರ, ಬಯಕೆಯ ಮಿತಿ

ಪರಿಮಿತ ಆದಾಯದ ಗೃಹಸ್ಥನು ಮದುವೆ, ವಿದ್ಯಾಭ್ಯಾಸ, ಔಷಧೋಪಚಾರಗಳಂತಹ ದೊಡ್ಡ ಖರ್ಚುಗಳಿಗೆ ಮುಂಚಿತವಾಗಿಯೇ ಲೆಕ್ಕ ಹಾಕಿಕೊಳ್ಳುತ್ತಾನೆ. ಆದರೆ ಅಂಗಡಿಯಲ್ಲಿ ಕಣ್ಣಿಗೆ ಬಿದ್ದೊಡನೆ ಕೊಂಡ ಚಿಕ್ಕಪುಟ್ಟ ವಸ್ತುಗಳ ಮೊತ್ತ ಅರಿವಿಗೆ ಬರುವುದು ತಿಂಗಳ ಕೊನೆಯಲ್ಲಿ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ಹಳಿಯುವುದು ಸುಲಭ. ಅಂಗಡಿಯ ಇತಿಹಾಸವನ್ನು ಅವಲೋಕಿಸಿದರೆ ಮತ್ತೊಂದು ಸಂಗತಿ ತಿಳಿದುಬರುತ್ತದೆ: ಕೊಳ್ಳುವವನಿಗೆ ಹಿಂದೆ ಸಹಜವಾಗಿಯೇ ಇದ್ದ ತಡೆಗಳನ್ನು ವ್ಯಾಪಾರವು ಒಂದೊಂದಾಗಿ ತೆಗೆದುಹಾಕುತ್ತ ಬಂದಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಿನಸಿ ಅಂಗಡಿಗಳು ಕರ್ನಾಟಕದ ಊರುಗಳ ಕಿರಾಣಿ ಅಂಗಡಿಗಳಂತೆಯೇ ಇದ್ದವು. ಸರಕೆಲ್ಲವೂ ಕೌಂಟರಿನ ಹಿಂದೆ. ಗಿರಾಕಿಯು ಚೀಟಿ ಓದಿ ಹೇಳಬೇಕು, ಗುಮಾಸ್ತನು ತೂಗಿ ಕಟ್ಟಿಕೊಡಬೇಕು. ಬಾಯಿ ಬಿಟ್ಟು ಕೇಳದೆ ಯಾವ ವಸ್ತುವೂ ಕೈಗೆ ಬರುತ್ತಿರಲಿಲ್ಲ. ಕೇಳುವ ಮುನ್ನ ಕ್ಷಣಕಾಲ ಯೋಚಿಸಲು ಅವಕಾಶವಿತ್ತು.

1916ರ ಸೆಪ್ಟೆಂಬರಿನಲ್ಲಿ ಟೆನೆಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು 'ಪಿಗ್ಲಿ ವಿಗ್ಲಿ' ಎಂಬ ಹೆಸರಿನ ಅಂಗಡಿಯನ್ನು ತೆರೆದನು. ಅಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಒಳಹೊಕ್ಕು ಬೇಕಾದುದನ್ನು ಎತ್ತಿಕೊಳ್ಳುವ ಏರ್ಪಾಡಿತ್ತು. ಪ್ರವೇಶದ್ವಾರದಿಂದ ಹಣ ಪಾವತಿಸುವ ಸ್ಥಳದವರೆಗಿನ ದಾರಿಯು ಕಪಾಟುಗಳ ಸಾಲುಗಳ ನಡುವೆ ಹಾದುಹೋಗುತ್ತಿತ್ತು. 1917ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ದೊರೆಯಿತು. ಗುಮಾಸ್ತರ ಸಂಬಳ ಉಳಿದುದರಿಂದ ಬೆಲೆಗಳು ಇಳಿದವು. ಬಡ ಸಂಸಾರಗಳಿಗೆ ಇದರಿಂದ ಉಪಕಾರವಾದುದೂ ನಿಜ. ಆದರೆ ಚೀಟಿಯಲ್ಲಿಲ್ಲದ ವಸ್ತುಗಳೂ ಈಗ ಕಣ್ಣೆದುರಿಗೆ, ಕೈಗೆಟಕುವಷ್ಟು ಸಮೀಪಕ್ಕೆ ಬಂದವು. ಕೇಳಬೇಕೆಂಬ ಮೊದಲನೆಯ ತಡೆ ಹೋಯಿತು.

ಎರಡನೆಯ ತಡೆ ತೋಳಿನ ಶಕ್ತಿ. ಬುಟ್ಟಿ ಭಾರವಾದೊಡನೆ ಜನರು ಕೊಳ್ಳುವುದನ್ನು ನಿಲ್ಲಿಸುತ್ತಾರೆಂಬುದನ್ನು ಒಕ್ಲಹೋಮಾ ನಗರದ ವರ್ತಕ ಸಿಲ್ವನ್ ಗೋಲ್ಡ್‌ಮನ್ ಗಮನಿಸಿದನು. 1937ರಲ್ಲಿ ಆತನು ಗಾಲಿಗಳುಳ್ಳ ತಳ್ಳುಬುಟ್ಟಿಯನ್ನು ಬಳಕೆಗೆ ತಂದನು. ಮೊದಮೊದಲು ಗಿರಾಕಿಗಳು ಅದನ್ನು ಮುಟ್ಟಲಿಲ್ಲ. ಆಗ ಆತನು ಸಂಬಳ ಕೊಟ್ಟು ಕೆಲವರನ್ನು ಗಿರಾಕಿಗಳಂತೆ ಅಂಗಡಿಯಲ್ಲಿ ತಳ್ಳುಬುಟ್ಟಿಯೊಡನೆ ಓಡಾಡಿಸಿದನು. ಅವರನ್ನು ನೋಡಿ ಉಳಿದವರೂ ಅನುಸರಿಸಿದರು. ದಣಿದ ತೋಳು ಹೇಳುತ್ತಿದ್ದ 'ಸಾಕು' ಎಂಬ ಮಾತು ಅಲ್ಲಿಗೆ ನಿಂತಿತು.

ಮೂರನೆಯ ತಡೆ ಕೈಯಲ್ಲಿರುವ ಹಣ. 1958ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಲ್ಲಿ ಬ್ಯಾಂಕ್ ಆಫ್ ಅಮೆರಿಕವು ಸುಮಾರು 60,000 ಮಂದಿಗೆ, ಅವರು ಕೇಳದಿದ್ದರೂ, ಕ್ರೆಡಿಟ್ ಕಾರ್ಡುಗಳನ್ನು ಅಂಚೆಯ ಮೂಲಕ ಕಳುಹಿಸಿತು. ಚೀಲ ಬರಿದಾದರೂ ಕೊಳ್ಳುವ ಹಾದಿ ತೆರೆಯಿತು. 1999ರಲ್ಲಿ ಅಮೆಜಾನ್ ಸಂಸ್ಥೆಯು ಒಂದೇ ಒತ್ತಿನಿಂದ ಖರೀದಿ ಮುಗಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಬಯಕೆಗೂ ಖರೀದಿಗೂ ನಡುವೆ ಉಳಿದಿದ್ದ ಅಲ್ಪ ವಿರಾಮವೂ ಇದರಿಂದ ಕಿರಿದಾಯಿತು.

ಈ ಸರಣಿಯನ್ನು ಆರಂಭಿಸಿದ ಸಾಂಡರ್ಸನ ಜೀವನವೂ ಚಿಂತನಾರ್ಹವಾದುದು. ಆತನು ಮೆಂಫಿಸ್‌ನಲ್ಲಿ ಗುಲಾಬಿ ಬಣ್ಣದ ಅಮೃತಶಿಲೆಯ ಭವ್ಯ ಸೌಧವನ್ನು ಕಟ್ಟಿಸತೊಡಗಿದನು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ತನ್ನ ಸಂಸ್ಥೆಯ ಷೇರುಗಳನ್ನೆಲ್ಲ ಸಾಲದ ಹಣದಿಂದ ಕೊಂಡು ವಶಪಡಿಸಿಕೊಳ್ಳಲು ಹೋದನು. 1923ರಲ್ಲಿ ಆ ಪ್ರಯತ್ನ ಮುರಿದುಬಿದ್ದು, ಸಂಸ್ಥೆಯೂ ಅಪೂರ್ಣ ಸೌಧವೂ ಆತನ ಕೈತಪ್ಪಿದವು. ಆ ಕಟ್ಟಡವು ಮುಂದೆ ವಸ್ತುಸಂಗ್ರಹಾಲಯವಾಯಿತು. ಅನ್ಯರ ತಡೆಗಳನ್ನು ತೆಗೆದವನಿಗೆ ತನ್ನ ಕೊಳ್ಳುವಿಕೆಗೆ ತಡೆ ಹಾಕಿಕೊಳ್ಳಲಾಗಲಿಲ್ಲ.

ಹೊರಗಿನ ತಡೆಗಳು ಅಳಿದಾಗ ಗೃಹಸ್ಥನಿಗೆ ಉಳಿಯುವುದು ತಾನೇ ಹಾಕಿಕೊಂಡ ಮಿತಿ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ನಿರೂಪಿತವಾದ ಭೋಗೋಪಭೋಗ ಪರಿಮಾಣವ್ರತದ ಮಹತ್ವ ಇಲ್ಲಿದೆ. ಪ್ರಯೋಜನವುಳ್ಳ ವಸ್ತುಗಳಿಗೂ ಈ ವ್ರತವು ಎಲ್ಲೆ ಕಟ್ಟುತ್ತದೆ. ಜೀವನಪರ್ಯಂತದ ತ್ಯಾಗವು 'ಯಮ'ವೆನಿಸಿದರೆ, ಕಾಲಮಿತಿಯುಳ್ಳದ್ದು 'ನಿಯಮ'. ಆಹಾರ, ವಾಹನ, ವಸ್ತ್ರ, ಆಭರಣಾದಿಗಳ ವಿಷಯದಲ್ಲಿ ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ಅವಧಿ ಗೊತ್ತುಪಡಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಸಾಮಾನ್ಯ ಗೃಹಸ್ಥನ ಶಕ್ತಿಯನ್ನರಿತು ರೂಪಿಸಿದ ವ್ಯವಸ್ಥೆಯಿದು. ಇದರ ಅತಿಚಾರಗಳಲ್ಲಿ ಅನುಭವಿಸಿದ ವಿಷಯಗಳನ್ನು ಮತ್ತೆ ಮತ್ತೆ ನೆನೆಯುವ 'ಅನುಸ್ಮೃತಿ'ಯೂ ಸೇರಿದೆ.

ನಿಯಮದ ಬಲವಿರುವುದು ಅದನ್ನು ಸ್ವೀಕರಿಸುವ ಕಾಲದಲ್ಲಿ. ವಸ್ತುವು ಎದುರಿಗೆ ಬಂದ ಮೇಲೆ ಮನಸ್ಸಿನೊಡನೆ ವಾದ ಹೂಡುವುದು ಕಷ್ಟ. ಬರುವುದಕ್ಕೆ ಮುನ್ನವೇ ಎಲ್ಲೆ ನಿಶ್ಚಯಿಸಿದವನಿಗೆ ವಾದದ ಅಗತ್ಯವಿಲ್ಲ. ಮನೆಯಲ್ಲಿಯೇ ಬರೆದ ಚೀಟಿ, ಎಣಿಸಿ ಒಯ್ದ ಹಣ, ಚೀಟಿಯಲ್ಲಿಲ್ಲದ ವಸ್ತುವಿಗೆ ಒಂದು ಪಕ್ಷದ ಕಾಯುವಿಕೆ: ಈ ಮೂರರಿಂದ ಕಳೆದುಹೋದ ಮೂರು ತಡೆಗಳೂ ಮನೆಯೊಳಗೆ ಮರಳಿ ಸ್ಥಾಪಿತವಾಗುತ್ತವೆ. ಮನೆಮಂದಿಯೆಲ್ಲರೂ ಕುಳಿತು, ಮಕ್ಕಳನ್ನೂ ಸೇರಿಸಿಕೊಂಡು, ಅವುಗಳನ್ನು ನಿಶ್ಚಯಿಸಿದರೆ ಕಡಿಮೆ ಆದಾಯದ ಮನೆಯಲ್ಲಿಯೂ ಮಿತಿಯೆಂಬುದು ಕೊರತೆಯಾಗದೆ ಸಂಸ್ಕಾರವಾಗುತ್ತದೆ.