ನಿತ್ಯಪುಷ್ಪವೂ ವೈದ್ಯ ಸಂಗಣ್ಣನೂ

ಶರಣಸಾಹಿತ್ಯದ ಅಭ್ಯಾಸಿಗಳಿಗೆ ವೈದ್ಯ ಸಂಗಣ್ಣನ ಹೆಸರು ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಈ ಶರಣನ ಅಂಕಿತ ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’. ವೈದ್ಯವೃತ್ತಿಯ ಪರಿಭಾಷೆಯಲ್ಲಿಯೇ ಆತನು ಭವರೋಗವನ್ನು ವಿವರಿಸಿದನು. ಇಂತಹ ವಚನಗಳನ್ನು ಮುಂದಿಟ್ಟುಕೊಂಡು, ಕ್ಯಾನ್ಸರಿನ ಗಿಡಮೂಲಿಕೆಗಳೆಲ್ಲವೂ ನಮ್ಮ ಪುರಾತನರಿಗೆ ತಿಳಿದಿದ್ದವೆಂದು ವಾದಿಸುವವರುಂಟು. ಅಭಿಮಾನವೇನೋ ಸಹಜವೇ, ಆದರೆ ಇತಿಹಾಸವು ಅದಕ್ಕೆ ಒಪ್ಪುವುದಿಲ್ಲ.

ನಮ್ಮ ರಾಯಚೂರು ಸೀಮೆಯ ಕಲ್ಲೂರಿನಲ್ಲಿ ನಿತ್ಯಪುಷ್ಪವನ್ನು ಯಾರೂ ಆರೈಕೆ ಮಾಡಬೇಕಾಗಿಲ್ಲ. ಬೀಜ ಉದುರಿ ಅಂಗಳದಲ್ಲಿ ತಾನೇ ಏಳುತ್ತದೆ. ದನಕರುಗಳು ಮೂಸಿಯೂ ನೋಡುವುದಿಲ್ಲ. ಕಾಶಿಕಣಗಿಲೆಯೆಂಬ ಹೆಸರನ್ನು ಕೇಳಿದವರು ಇದನ್ನು ಕಾಶಿಯದೆಂದೇ ಭಾವಿಸಿಯಾರು. ಇದರ ತವರು ಮಡಗಾಸ್ಕರ್ ದ್ವೀಪ. ಸುಶ್ರುತಸಂಹಿತೆಯಲ್ಲಿ ಅರ್ಬುದವೆಂಬ ಗಡ್ಡೆಯ ಲಕ್ಷಣವನ್ನು ಹೇಳಿದೆಯಾದರೂ, ಕಡಲಾಚೆಯ ಈ ಗಿಡವನ್ನು ಅಲ್ಲಿ ಹುಡುಕುವುದು ವ್ಯರ್ಥ. ಸಂಗಣ್ಣನ ವಚನಗಳಲ್ಲಿಯೂ ಅಷ್ಟೇ.

ಇದರ ಗುಣ ಬೆಳಕಿಗೆ ಬಂದದ್ದು ಬೇರೊಂದು ರೋಗದ ನಿಮಿತ್ತವಾಗಿ. ಜಮೈಕಾದ ಜನರು ಮಧುಮೇಹಕ್ಕೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಆ ಎಲೆಗಳು ಕೆನಡಾದ ರಾಬರ್ಟ್ ನೋಬಲ್ ಎಂಬ ವಿಜ್ಞಾನಿಯ ಕೈಸೇರಿದವು. ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆಯಂಶ ಇಳಿಯಲಿಲ್ಲ; ಇಳಿದದ್ದು ರಕ್ತದ ಬಿಳಿಯ ಕಣಗಳ ಸಂಖ್ಯೆ! ಅವರು ಅದನ್ನು ವಿಫಲತೆಯೆಂದು ಬದಿಗಿಡಲಿಲ್ಲ. ಚಾರ್ಲ್ಸ್ ಬಿಯರ್ ಅವರೊಡನೆ ಶೋಧಿಸಿ, 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸತ್ವವನ್ನು ಪ್ರಕಟಿಸಿದರು. ಇದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತಕ್ಯಾನ್ಸರಿಗೆ ಮುಖ್ಯ ಔಷಧಗಳಲ್ಲೊಂದು. ಜೀವಕೋಶವು ಒಡೆದು ಎರಡಾಗುವುದನ್ನು ಇವು ತಡೆಯುತ್ತವೆ.

ನಮ್ಮ ಸಹ್ಯಾದ್ರಿಯ ದುರ್ವಾಸನೆ ಮರದ ಕಥೆಯೂ ಉಂಟು. ಅಮೆರಿಕದಲ್ಲಿ 1966ರಲ್ಲಿ ಚೀನಾದ ಮರವೊಂದರಿಂದ ತೆಗೆದ ಕ್ಯಾಂಪ್ಟೊಥೆಸಿನ್ ಇದರಲ್ಲಿಯೂ ಇರುವುದನ್ನು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಆ ಬಳಿಕ ಮರಕ್ಕೆ ಕೊಡಲಿ ಬಿದ್ದಿತು.

ಗಿಡದಲ್ಲಿ ಔಷಧವಿದೆಯೆಂದ ಮಾತ್ರಕ್ಕೆ ಗಿಡವೇ ಔಷಧವಾಗದು. ರಾಶಿ ರಾಶಿ ಎಲೆಯಿಂದ ದೊರೆಯುವುದು ಅತ್ಯಲ್ಪ ಸತ್ವ. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಅಳತೆ ತಪ್ಪಿದರೆ ವಿಷ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಈಗ ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. ಆದರೂ ಕೊರಳಲ್ಲಿ ಗಡ್ಡೆಯಿದ್ದ ನನ್ನ ಪರಿಚಿತ ಹಿರಿಯರೊಬ್ಬರು ಆರು ತಿಂಗಳು ಅಂಗಳದ ಈ ಎಲೆಯ ರಸವನ್ನೇ ಕುಡಿದರು. ಪತ್ರಿಕೆಯಲ್ಲಿ ಓದಿ ಅವರಿಗೆ ಈ ಗಿಡದ ಮಹಿಮೆ ಹೇಳಿದವನು ನಾನೇ. ಕೊನೆಗೆ ಪಟ್ಟಣಕ್ಕೆ ಕರೆದೊಯ್ದಾಗ ವೈದ್ಯರು ಕೇಳಿದ್ದು ಒಂದೇ ಮಾತು: “ಇಷ್ಟು ದಿವಸ ಎಲ್ಲಿದ್ದಿರಿ?”