ಅರ್ಫಜಾ(ರ) ಅವರ ಚಿನ್ನದ ಮೂಗು ಮತ್ತು ನಮ್ಮ ಕನ್ನಡಿ

ಇಸ್ಲಾಮಿಗಿಂತ ಮುಂಚಿನ ಅರೇಬಿಯಾದಲ್ಲಿ, ಕುಲಾಬ್ ಎಂಬಲ್ಲಿ ನಡೆದ ಬುಡಕಟ್ಟು ಯುದ್ಧವೊಂದರಲ್ಲಿ ಅರ್ಫಜಾ ಇಬ್ನ್ ಅಸ್‌ಅದ್(ರ) ತಮ್ಮ ಮೂಗನ್ನು ಕಳೆದುಕೊಂಡರು. ಅವರು ಬೆಳ್ಳಿಯ ಮೂಗೊಂದನ್ನು ಮಾಡಿಸಿ ಧರಿಸಿದರು. ಆದರೆ ಅದು ದುರ್ಗಂಧ ಬೀರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗನ್ನು ಮಾಡಿಸಿಕೊಳ್ಳುವಂತೆ ಅವರಿಗೆ ಆದೇಶಿಸಿದರು. ಅರ್ಫಜಾರ ಮೊಮ್ಮಗನ ಮೂಲಕ ವರದಿಯಾದ ಈ ಘಟನೆ ಅಬೂದಾವೂದ್, ತಿರ್ಮಿದಿ ಮತ್ತು ನಸಾಈ ಸಂಗ್ರಹಗಳಲ್ಲಿದೆ.

ಪುರುಷರಿಗೆ ಚಿನ್ನ ನಿಷಿದ್ಧ. ಮೂಗಿಲ್ಲದೆಯೂ ಮನುಷ್ಯ ಬದುಕಬಲ್ಲ. ಆದರೂ ಅನುಮತಿ ದೊರೆಯಿತು. ವಿರೂಪಗೊಂಡ ಮುಖವನ್ನು ಹೊತ್ತು ಜನರ ನಡುವೆ ಬಾಳುವುದು ಒಂದು ಸಂಕಟವೆಂಬುದನ್ನು ಪ್ರವಾದಿವರ್ಯರು(ಸ) ಕಡೆಗಣಿಸಲಿಲ್ಲ. ಅದೇ ವೇಳೆ, ಕೇವಲ ಚೆಲುವಿಗಾಗಿ ಹಲ್ಲುಗಳನ್ನು ಅರೆದು ಸಂದು ಮಾಡಿಸಿಕೊಳ್ಳುವುದನ್ನು ಅವರು ಖಂಡಿಸಿದರೆಂದು ಇಬ್ನ್ ಮಸ್‌ಊದ್(ರ) ವರದಿ ಮಾಡಿದ್ದಾರೆ. ಕಳೆದುಹೋದುದನ್ನು ಮರಳಿ ಪಡೆಯುವುದು ಒಂದು, ಅಲ್ಲಾಹನು ನೀಡಿದ ಆರೋಗ್ಯವಂತ ರೂಪವನ್ನು ತಿರಸ್ಕರಿಸುವುದು ಇನ್ನೊಂದು. ಕರ್ಮಶಾಸ್ತ್ರ ವಿದ್ವಾಂಸರ ಚರ್ಚೆ ಈ ಎರಡು ದಡಗಳ ನಡುವೆಯೇ ಹರಿದುಬಂದಿದೆ.

ಮುಸ್ಲಿಮ್ ವೈದ್ಯರು ಕೂಡಾ ಓರೆಯಾದ ಮುಖವನ್ನು ಗಂಭೀರವಾಗಿ ಅಧ್ಯಯನ ಮಾಡಿದರು. ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಲಕ್ವ’ ಎಂಬ ಪದ ಅರಬಿಯಲ್ಲಿ ಮುಖದ ಪಾರ್ಶ್ವವಾಯುವಿನ ಹೆಸರು. ಸುಮಾರು 925ರಲ್ಲಿ ನಿಧನರಾದ ಅರ್‍ರಾಝಿ, ತಮ್ಮ ‘ಅಲ್ ಹಾವೀ’ ಗ್ರಂಥದಲ್ಲಿ ಈ ರೋಗವನ್ನು ವಿವರಿಸಿ, ಮೆದುಳಿನ ದೋಷದಿಂದ ಬರುವುದನ್ನು ಇತರ ಬಗೆಯಿಂದ ಬೇರ್ಪಡಿಸಲು ಯತ್ನಿಸಿದರು. ಈ ವಿವೇಕ ಇಂದಿಗೂ ಪ್ರಸ್ತುತ: ಮುಖ ಹಠಾತ್ತನೆ ಓರೆಯಾದರೆ ಅದು ಸೌಂದರ್ಯದ ಪ್ರಶ್ನೆಯಲ್ಲ. ವಿಳಂಬಿಸದೆ ಆಸ್ಪತ್ರೆಗೆ ಧಾವಿಸಬೇಕು.

ಆದರೆ ಇಂದು ಅನೇಕ ಯುವಕ ಯುವತಿಯರನ್ನು ಕಾಡುವುದು ಇನ್ನೊಂದು ಚಿಂತೆ. ಒಂದು ಕಣ್ಣು ತುಸು ಕೆಳಗಿದೆ, ದವಡೆಯ ಒಂದು ಬದಿ ದಪ್ಪಗಿದೆ. ವಾಸ್ತವದಲ್ಲಿ ಎರಡೂ ಬದಿ ಸಂಪೂರ್ಣ ಸಮನಾಗಿರುವ ಮುಖವೇ ಅಪರೂಪ. ಕನ್ನಡಿಯಲ್ಲಿ ನಾವು ಎಡಬಲ ತಿರುವಿದ ಮುಖವನ್ನೇ ದಿನವೂ ನೋಡಿರುತ್ತೇವೆ, ಆದ್ದರಿಂದ ಛಾಯಾಚಿತ್ರದಲ್ಲಿ ನಮ್ಮದೇ ಮುಖ ಅಪರಿಚಿತವೆನಿಸುತ್ತದೆ. ತೀರಾ ಹತ್ತಿರ ಹಿಡಿದ ಮೊಬೈಲ್ ಕ್ಯಾಮೆರಾ ಮೂಗನ್ನು ಹಿಗ್ಗಿಸಿ ತೋರಿಸುತ್ತದೆ. ಮಗಳ ಮದುವೆ ಮಾತುಕತೆಯ ಸಮಯದಲ್ಲಿ ಬಂಧುಗಳು ಆಡುವ ಒಂದು ಕೊಂಕುಮಾತು ಈ ಚಿಂತೆಯನ್ನು ಇಮ್ಮಡಿಗೊಳಿಸುತ್ತದೆ. ಅಂತಹ ಮಾತಿಗೆ ಚಿಕಿತ್ಸೆ ಬೇಕಾಗಿರುವುದು ಮಗಳ ಮುಖಕ್ಕಲ್ಲ, ಆಡಿದವರ ನಾಲಗೆಗೆ.

2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಈ ವಿಷಯದಲ್ಲಿ ನಿರ್ಣಯ ಕೈಗೊಂಡಿತು. ಸೀಳುತುಟಿ, ತೀವ್ರವಾಗಿ ಡೊಂಕಾದ ಮೂಗು, ಅಪಘಾತ ಅಥವಾ ಸುಟ್ಟಗಾಯದ ವಿರೂಪಗಳನ್ನು ಸರಿಪಡಿಸುವುದು ಅನುಮತನೀಯ. ಸಹಜ ಮುಖವನ್ನು ಇಚ್ಛೆಯ ಬೆನ್ನುಹತ್ತಿ ಬದಲಿಸುವುದು ಅನುಮತನೀಯವಲ್ಲ.

ಆದ್ದರಿಂದ ನಿರ್ಧಾರಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಅಗಿಯಲು, ಉಸಿರಾಡಲು, ಕಣ್ಣು ಮುಚ್ಚಲು ತೊಂದರೆಯಿದೆಯೇ? ದವಡೆಯ ಓರೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ? ಅದು ಅಪರಿಚಿತರಿಗೂ ಎದ್ದು ಕಾಣುವ ವಿರೂಪವೇ? ಹೌದೆಂದಾದರೆ ತಜ್ಞ ವೈದ್ಯರನ್ನು ಕಾಣಲು ಅಂಜಬೇಕಿಲ್ಲ. ಅದನ್ನು ಪಾಪವೆಂದು ತಡೆಯುವವರು ಅರ್ಫಜಾರನ್ನು(ರ) ನೆನಪಿಸಿಕೊಳ್ಳಲಿ. ಅಲ್ಲವೆಂದಾದರೆ, ಅರಿವಳಿಕೆಯ ಅಪಾಯ, ಸೋಂಕು, ನರಕ್ಕೆ ಹಾನಿ ಇವೆಲ್ಲವನ್ನು ಆರೋಗ್ಯವಂತ ಮುಖದ ಮೇಲೆ ಆಹ್ವಾನಿಸುವುದೇಕೆ?

ಅರ್ಫಜಾ(ರ) ಚಿನ್ನದ ಮೂಗಿನಿಂದ ಇತರರಿಗಿಂತ ಚೆಲುವರಾಗಲು ಬಯಸಲಿಲ್ಲ. ಎಲ್ಲರಂತೆ ಇರಲು ಬಯಸಿದರು. ವ್ಯತ್ಯಾಸ ಅಷ್ಟೇ.