ಮೀನಿನ ಬಾಲ ಕಟ್ಟಿದವರು

'ವೇಷ ಕಟ್ಟುವುದು' ಎಂಬ ಮಾತು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಯಕ್ಷಗಾನದ ಚೌಕಿಯಲ್ಲಿ ಒಮ್ಮೆ ಇಣುಕಿ ನೋಡಿದವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ವೇಷವೆಂದರೆ ತೊಟ್ಟುಕೊಳ್ಳುವ ಉಡುಪು ಮಾತ್ರವಲ್ಲ. ಮನುಷ್ಯನ ಮೈಮೇಲೆ ಗಂಟು ಗಂಟಾಗಿ ಕಟ್ಟಿ ನಿಲ್ಲಿಸುವ ಇನ್ನೊಂದು ದೇಹ. ದೇವರಾಗಲಿ, ರಕ್ಕಸನಾಗಲಿ, ಕಪಿಯಾಗಲಿ, ಚೌಕಿಯಿಂದ ರಂಗಕ್ಕೆ ಬರುವ ಮೊದಲು ಹೀಗೆ ಕಟ್ಟಿಸಿಕೊಂಡೇ ಬರಬೇಕು.

ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಹಲವೆಡೆ ಹೊಸದೊಂದು ಹವ್ಯಾಸ ಬೆಳೆದಿದೆ. ಸಿಲಿಕೋನ್ ಎಂಬ ರಬ್ಬರಿನಂಥ ವಸ್ತುವಿನಿಂದ ಮನೆಯಲ್ಲಿಯೇ ಮತ್ಸ್ಯಕನ್ಯೆಯ ಬಾಲವನ್ನು ತಯಾರಿಸಿ, ಅದನ್ನು ಧರಿಸಿ ಈಜುವುದು! ಮೇಲ್ನೋಟಕ್ಕೆ ಇದು ವಿದೇಶೀಯರ ವಿಲಾಸವೆಂದು ತೋರಬಹುದು. ಆದರೆ ಮನುಷ್ಯನ ಮೈಗೆ ಬೇರೊಂದು ಜೀವಿಯ ಅಂಗವನ್ನು ಜೋಡಿಸುವುದು ಹೇಗೆ ಎಂಬ ಪ್ರಶ್ನೆ ನಮಗೂ ಹಳೆಯದೇ. ಆ ಪ್ರಶ್ನೆಗೆ ಬೇರೆ ಬೇರೆ ಕಾಲದ ಕುಶಲಿಗರು ಕಂಡುಕೊಂಡ ಉತ್ತರಗಳನ್ನು ಇಲ್ಲಿ ಪರಿಶೀಲಿಸೋಣ.

ಅರ್ಧ ಮೀನಾದ ಜೀವಿಗಳ ಕಲ್ಪನೆ ನಮ್ಮ ಕಥೆಗಳಲ್ಲಿ ಧಾರಾಳವಾಗಿದೆ. ಮಹಾಭಾರತದ ಮತ್ಸ್ಯಗಂಧಿ ಮೀನಿನ ಹೊಟ್ಟೆಯಲ್ಲಿ ಹುಟ್ಟಿದವಳು. ಯಕ್ಷಗಾನದಲ್ಲಿಯೂ ಪ್ರಸಂಗವಾಗಿ ಪ್ರಸಿದ್ಧವಾದ ಮೈರಾವಣನ ಕಥೆಯಲ್ಲಿ, ಹನುಮಂತನ ಬೆವರಿನ ಹನಿಯನ್ನು ನುಂಗಿದ ಮೀನಿಗೆ ಮಗನೊಬ್ಬ ಹುಟ್ಟುತ್ತಾನೆ. ಪಾತಾಳದ ಬಾಗಿಲಲ್ಲಿ ತಂದೆ ಮಕ್ಕಳಿಗೆ ಗುರುತಿಲ್ಲದೆ ಕಾಳಗವಾಗುತ್ತದೆ. ಈ ಕಥೆ ಕಡಲು ದಾಟಿ ಬಹುದೂರ ಹೋಗಿದೆ. ಥಾಯ್ಲೆಂಡಿನ ರಾಮಾಯಣವಾದ 'ರಾಮಕಿಯೆನ್'ನಲ್ಲಿ ಮೈರಾವಣನು 'ಮೈಯರಾಪ್' ಆಗಿದ್ದಾನೆ. ಅಲ್ಲಿ ಹನುಮಂತನ ಮಗನ ತಾಯಿ ಬರಿಯ ಮೀನಲ್ಲ. ರಾವಣನ ಮಗಳಾದ ಸುವರ್ಣಮತ್ಸ್ಯೆ ಎಂಬ ಮತ್ಸ್ಯಕನ್ಯೆ. ಸೇತುವೆಯ ಕಲ್ಲುಗಳನ್ನು ಕದ್ದೊಯ್ಯಲು ಬಂದವಳು ಹನುಮಂತನಿಗೆ ಮನಸೋಲುತ್ತಾಳೆ. ಅವರ ಮಗನಿಗೆ ಕಪಿಯ ಮೈ, ಮೀನಿನ ಬಾಲ.

2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಥಾಯ್ಲೆಂಡಿನ 'ಖೋನ್' ನೃತ್ಯನಾಟಕದಲ್ಲಿ ಈ ಸುವರ್ಣಮತ್ಸ್ಯೆಯ ಪಾತ್ರವನ್ನು ಇಂದಿಗೂ ಕಾಣಬಹುದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನರ್ತಕಿಯ ಕಾಲುಗಳನ್ನು ಬಾಲದೊಳಗೆ ಸೇರಿಸುವುದಿಲ್ಲ. ಹೊಂಬಣ್ಣದ ಬಾಲವನ್ನು ಸೊಂಟದ ಹಿಂಬದಿಗೆ ಜೋಡಿಸುತ್ತಾರೆ. ಕಾಲುಗಳು ಕುಣಿಯಲು ಬಿಡುವಾಗಿಯೇ ಇರುತ್ತವೆ. ಕಾಲು ಕಂಡರೂ ಪ್ರೇಕ್ಷಕರು ಅವಳನ್ನು ಮತ್ಸ್ಯಕನ್ಯೆಯೆಂದೇ ಒಪ್ಪಿಕೊಳ್ಳುತ್ತಾರೆ.

ನಮ್ಮ ಬಡಗುತಿಟ್ಟಿನ ಯಕ್ಷಗಾನವೂ ಇದೇ ಹಾದಿಯನ್ನು ಹಿಡಿದಿದೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಇವೆಲ್ಲ ನೋಟಕ್ಕೆ ಭಾರವಾದ ಚಿನ್ನದ ಒಡವೆಗಳು. ವಾಸ್ತವದಲ್ಲಿ ಅವು ಹಗುರ ಮರವನ್ನು ಕೆತ್ತಿ, ಮೇಲೆ ಬೇಗಡೆ ಹಚ್ಚಿ, ಕನ್ನಡಿ ಚೂರುಗಳನ್ನು ಕೂಡಿಸಿ ಮಾಡಿದವು. ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿ ಇಡುತ್ತಾರೆ. ರಾತ್ರಿಯಿಡೀ ಕುಣಿಯಬೇಕಾದವನಿಗೆ ನಿಜವಾದ ಲೋಹದ ಕಿರೀಟ ಹೊರಿಸಿದರೆ ಆಟ ನಡೆಯುವುದೆಂತು? ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಆ ಮೇಳಕ್ಕಾಗಲಿ, ಈ ಭಾಗದ ಇತರ ಮೇಳಗಳಿಗಾಗಲಿ ವೇಷಭೂಷಣ ಒದಗಿಸಿದ ಕೈಗಳು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವು. ವೇಷದ ಒಳಗಿರುವ ಮನುಷ್ಯ ಉಸಿರಾಡಬೇಕು, ಹೆಜ್ಜೆ ಹಾಕಬೇಕು, ಆಟ ಮುಗಿದ ಮೇಲೆ ಕಟ್ಟು ಬಿಚ್ಚಿ ಮನೆಗೆ ಹೋಗಬೇಕು. ನೋಟದ ಸೊಗಸು ಅದರ ಅನಂತರದ ಮಾತು.

ಪಶ್ಚಿಮದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಪುಟ್ಟ ಮತ್ಸ್ಯಕನ್ಯೆಯ ಕಥೆ ಮನೆಮಾತಾಯಿತು. ಚಲನಚಿತ್ರ ಬಂದ ಮೇಲೆ ಮತ್ಸ್ಯಕನ್ಯೆ ರಂಗದ ಮೇಲೆ ನಿಂತರೆ ಸಾಲದು, ನೀರಿನಲ್ಲಿ ಈಜಬೇಕು ಎಂಬ ಬೇಡಿಕೆ ಹುಟ್ಟಿತು. ಇದನ್ನು ಈಡೇರಿಸಿದವರಲ್ಲಿ ಮೊದಲಿಗಳೆಂದು ಹೆಸರಾದವಳು ಆಸ್ಟ್ರೇಲಿಯಾದ ಈಜುಗಾರ್ತಿ ಆನೆಟ್ ಕೆಲರ್ಮನ್. ಬಾಲ್ಯದಲ್ಲಿ ಆಕೆಯ ಕಾಲುಗಳು ದುರ್ಬಲವಾಗಿದ್ದವು. ಕಾಲಿಗೆ ಬಲ ಬರಲೆಂದು ಈಜು ಕಲಿತ ಹುಡುಗಿ ಮುಂದೆ 1911ರ 'ದಿ ಮರ್ಮೇಡ್', 1914ರ 'ನೆಪ್ಚೂನ್ಸ್ ಡಾಟರ್' ಚಿತ್ರಗಳಲ್ಲಿ ನಟಿಸಿದಳು. ಮತ್ಸ್ಯಕನ್ಯೆಯ ಉಡುಪುಗಳನ್ನು ತಾನೇ ರೂಪಿಸಿಕೊಂಡಳು. ಇಂದು ಮನೆಯಲ್ಲಿ ಬಾಲ ಮಾಡಿಕೊಳ್ಳುವವರಿಗೆಲ್ಲ ಆಕೆಯನ್ನು ಹಿರಿಯಕ್ಕನೆನ್ನಬಹುದು.

1947ರ ಅಕ್ಟೋಬರಿನಲ್ಲಿ ಅಮೆರಿಕದ ಫ್ಲೋರಿಡಾದ ವೀಕಿ ವಾಚಿ ಎಂಬ ಬುಗ್ಗೆಯಲ್ಲಿ ನ್ಯೂಟನ್ ಪೆರಿ ನೀರೊಳಗಿನ ಪ್ರದರ್ಶನವನ್ನು ಆರಂಭಿಸಿದ. ಯುವತಿಯರು ಕೊಳವೆಯಿಂದ ಗಾಳಿ ಸೇದಿಕೊಳ್ಳುತ್ತ ನೀರಿನಡಿಯಲ್ಲಿ ಆಡುತ್ತಿದ್ದರು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಈಜುಗಾರರು ಎರಡೂ ಪಾದಗಳಿಗೆ ಸೇರಿಸಿ ತೊಡುವ 'ಮೋನೋಫಿನ್' ಎಂಬ ಒಂಟಿ ರೆಕ್ಕೆಯನ್ನು ಸ್ಪರ್ಧೆಗಳಲ್ಲಿ ಬಳಕೆಗೆ ತಂದರು. 1984ರ 'ಸ್ಪ್ಲ್ಯಾಶ್' ಚಿತ್ರಕ್ಕೆ ರಾಬರ್ಟ್ ಶಾರ್ಟ್ ತಯಾರಿಸಿದ ಬಾಲವನ್ನು ತೊಟ್ಟು ನಟಿ ಡೆರಿಲ್ ಹನ್ನಾ ಸ್ವತಃ ಈಜಿದರು. ಅಲ್ಲಿಂದ ಮುಂದೆ ಬಾಲವೆಂದರೆ ನಿಜವಾದ ಮೀನಿನಂತೆಯೇ ಕಾಣಬೇಕು ಎಂಬ ಹಂಬಲ ಬಲವಾಯಿತು. ಆ ಹಂಬಲಕ್ಕೆ ಒದಗಿಬಂದ ವಸ್ತುವೇ ಸಿಲಿಕೋನ್.

ಸಿಲಿಕೋನ್ ಎಂಬ ಹೆಸರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಿಪ್ಪಿಂಗ್. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದಲ್ಲಿ ಡೌ ಕಾರ್ನಿಂಗ್ ಕಂಪೆನಿ ಇದರ ತಯಾರಿಕೆಗೆಂದೇ ಸ್ಥಾಪನೆಯಾಯಿತು. ಇದರ ಮೂಲಧಾತು ಸಿಲಿಕಾನ್. ಭೂಮಿಯ ಹೊರಪದರದಲ್ಲಿ ಆಮ್ಲಜನಕವನ್ನು ಬಿಟ್ಟರೆ ಅತಿ ಹೆಚ್ಚಾಗಿರುವ ಧಾತು. ಕಡಲ ದಂಡೆಯಲ್ಲಿ ನಮ್ಮ ಕಾಲಿಗೆ ಮೆತ್ತುವ ಮರಳಿನಲ್ಲಿಯೂ ಅದೇ ಇದೆ.

ಮನೆಯಲ್ಲಿ ಬಾಲ ಮಾಡುವ ಕ್ರಮ ಹೀಗಿದೆ. ಮೊದಲು ಸೊಂಟದಿಂದ ಹಿಮ್ಮಡಿಯವರೆಗೆ ಅಳತೆ ತೆಗೆಯಬೇಕು. ಆ ಅಳತೆಗೆ ತಕ್ಕಂತೆ ಜೇಡಿಯಂಥ ಮೆತು ವಸ್ತುವಿನಲ್ಲಿ ಬಾಲದ ರೂಪವನ್ನು ತಿದ್ದಿ, ಹುರುಪೆಗಳನ್ನು ಒಂದೊಂದಾಗಿ ಮೂಡಿಸಬೇಕು. ನಮ್ಮ ಮನೆಗಳ ಮಾಡಿಗೆ ಹಂಚು ಹೊದಿಸಿದಂತೆ, ಮೇಲಿನ ಹುರುಪೆಯ ಅಂಚು ಕೆಳಗಿನದರ ಮೇಲೆ ಬರಬೇಕು. ಆಗಲೇ ನೀರು ತಲೆಯಿಂದ ಬಾಲದ ಕಡೆಗೆ ಸರಾಗವಾಗಿ ಜಾರುತ್ತದೆ. ಇದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಎರಡು ಹೋಳುಗಳ ಅಚ್ಚು ತೆಗೆಯುತ್ತಾರೆ. ದ್ರವರೂಪದ ಎರಡು ಭಾಗಗಳನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿದಾಗ ಸಿಲಿಕೋನ್ ಗಟ್ಟಿಯಾಗತೊಡಗುತ್ತದೆ. ಅದನ್ನು ಅಚ್ಚಿನೊಳಗೆ ಪದರ ಪದರವಾಗಿ ಬಳಿದು, ತುದಿಯಲ್ಲಿ ಮೋನೋಫಿನ್ ಸೇರಿಸಿ, ಎರಡು ಹೋಳುಗಳನ್ನು ಕೂಡಿಸುತ್ತಾರೆ.

ಈ ಕೆಲಸದಲ್ಲಿ ಎಡವಟ್ಟಾಗಲು ಬೇಕಾದಷ್ಟು ಅವಕಾಶವಿದೆ. ಪ್ಲಾಟಿನಂ ವೇಗವರ್ಧಕವಿರುವ ಸಿಲಿಕೋನಿಗೆ ಗಂಧಕ ಆಗದು. ಗಂಧಕವಿರುವ ಜೇಡಿಯನ್ನೋ, ಲ್ಯಾಟೆಕ್ಸ್ ಕೈಗವಸನ್ನೋ ಬಳಸಿದರೆ ಅದು ತಾಗಿದಲ್ಲೆಲ್ಲ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ವಾರಗಳ ದುಡಿಮೆ ವ್ಯರ್ಥ. ಸಿಲಿಕೋನಿಗೆ ಬೇರೆ ಬಣ್ಣ, ಬೇರೆ ಅಂಟು ಹಿಡಿಯುವುದಿಲ್ಲ. ಸಿಲಿಕೋನಿಗೆ ಸಿಲಿಕೋನೇ ಆಗಬೇಕು. ಕೊನೆಗೆ ಸಿದ್ಧವಾದ ಬಾಲ ಹದಿನೈದು ಇಪ್ಪತ್ತು ಕಿಲೋ ತೂಗುವುದು ಸಾಮಾನ್ಯ. ನೀರಿನಲ್ಲಿ ಅದರ ಭಾರ ಅಷ್ಟಾಗಿ ತಿಳಿಯದಿದ್ದರೂ ದಡದಲ್ಲಿ ಅದನ್ನು ತೊಟ್ಟವರು ಕುಳಿತಲ್ಲಿಂದ ಏಳಲಾರರು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಬಂಗಡೆಯಾಗಲಿ ತಾರ್ಲೆಯಾಗಲಿ ಬಾಲವನ್ನು ಎಡಕ್ಕೆ ಬಲಕ್ಕೆ ಬೀಸಿ ಈಜುತ್ತದೆ. ಮನುಷ್ಯನ ಸೊಂಟ, ಮಂಡಿಗಳು ಬಾಗುವುದು ಹಿಂದೆ ಮುಂದೆ. ಆದ್ದರಿಂದ ಮತ್ಸ್ಯಕನ್ಯೆ ತನ್ನ ಬಾಲವನ್ನು ಮೇಲೆ ಕೆಳಗೆ ಬಡಿಯಬೇಕಾಗುತ್ತದೆ. ಹಾಗೆ ಈಜುವುದು ಮೀನಲ್ಲ, ಡಾಲ್ಫಿನ್. ಎಷ್ಟೇ ನೈಜವಾಗಿ ಹುರುಪೆ ಕೆತ್ತಿದರೂ ಕೊನೆಗೆ ಬಾಲದ ಚಲನೆಯನ್ನು ನಿರ್ಧರಿಸುವುದು ಒಳಗಿರುವ ಮನುಷ್ಯನ ಮೈಯೇ ಹೊರತು ಮೀನಿನ ಚಿತ್ರವಲ್ಲ.

ಇಲ್ಲಿಯೇ ಈ ಹವ್ಯಾಸದ ಅಪಾಯವೂ ಅಡಗಿದೆ. ಯಕ್ಷಗಾನದ ವೇಷಗಾರನ ಕಾಲು ಬಿಡುವಾಗಿರುತ್ತದೆ. ಖೋನ್ ನರ್ತಕಿಯ ಕಾಲೂ ಬಿಡುವಾಗಿರುತ್ತದೆ. ಈಜುವ ಬಾಲ ಮಾತ್ರ ಎರಡೂ ಕಾಲುಗಳನ್ನು ಒಂದಾಗಿ ಬಿಗಿಯುತ್ತದೆ. ಅದರಲ್ಲಿಯೂ ಸಿಲಿಕೋನ್ ಬಾಲ ಮೈಗೆ ಹೀರಿಕೊಂಡಂತೆ ಕೂರುವುದರಿಂದ, ತೊಡಲೂ ಕಳಚಲೂ ಹೊತ್ತು ಹಿಡಿಯುತ್ತದೆ. ನೀರಿನಲ್ಲಿ ಗಾಬರಿಯಾದಾಗ ಕಾಲು ಬಡಿಯುವುದು ಮನುಷ್ಯನ ಸಹಜ ಪ್ರವೃತ್ತಿ. ಆ ಕಾಲೇ ಕಟ್ಟಿಹೋಗಿದ್ದರೆ?

ಭಟ್ಕಳ ತಾಲೂಕಿನ ಕಾಯ್ಕಿಣಿ, ಮುರುಡೇಶ್ವರದ ನೆರೆಯೂರು. ಅಲ್ಲಿಯ ಜನರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿಲ್ಲ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ತರಬೇತಾದವರ ಕೈಹಿಡಿದು, ನೀರಿನಡಿಯ ಮೀನುಗಳನ್ನು ನೋಡಿ ಬರುವವರು ಎಷ್ಟೋ ಮಂದಿ. ಆದರೆ ಅದೇ ದಂಡೆಯಲ್ಲಿ, 2024ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಆ ಮಕ್ಕಳ ಕಾಲಿಗೆ ಯಾವ ಬಾಲವೂ ಇರಲಿಲ್ಲ. ಬಿಡುವಾಗಿದ್ದ ಕಾಲುಗಳಿಗೇ ಕಡಲು ಹೀಗೆ ಮಾಡಬಲ್ಲದಾದರೆ, ಕಟ್ಟಿದ ಕಾಲುಗಳ ಪಾಡೇನು?

ಹಾಗೆಂದು ಮಕ್ಕಳ ಆಸೆಯನ್ನು ಚಿವುಟಬೇಕೆಂದಲ್ಲ. ಈಜಲೆಂದೇ ಬಾಲ ತೊಡುವವರು ಮೊದಲು ಬಾಲವಿಲ್ಲದೆ ಚೆನ್ನಾಗಿ ಈಜು ಕಲಿತಿರಬೇಕು. ಆಳವಿಲ್ಲದ ಕೊಳದಲ್ಲಿ, ಜೊತೆಗೊಬ್ಬ ಬಲ್ಲವರಿರುವಾಗ, ಬಾಲವನ್ನು ಕಳಚುವುದನ್ನೇ ಮೊದಲ ಪಾಠವಾಗಿ ಅಭ್ಯಾಸ ಮಾಡಬೇಕು. ಅಲೆಗಳಿರುವ ಕಡಲು ಇದಕ್ಕೆ ತಕ್ಕ ಜಾಗವಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೋ, ಊರಿನ ನಾಟಕಕ್ಕೋ ಮತ್ಸ್ಯಕನ್ಯೆ ಬೇಕಾಗಿದ್ದರೆ ಸಿಲಿಕೋನಿನ ಹಂಗೇ ಬೇಡ. ಹಳೆಯ ಸೀರೆ, ರಟ್ಟು, ಒಂದಿಷ್ಟು ಬೇಗಡೆ ಹಾಳೆ ಸಾಕು. ಬಾಲ ಸೊಂಟದ ಹಿಂದಿರಲಿ, ಕಾಲು ನೆಲದ ಮೇಲಿರಲಿ. ನೋಡುವವರು ಅವಳನ್ನು ಮತ್ಸ್ಯಕನ್ಯೆಯೆಂದು ಒಪ್ಪಿಕೊಳ್ಳದೆ ಇರರು.

ವಸ್ತು ಯಾವುದೇ ಇರಲಿ, ಹಗುರ ಮರವಾಗಲಿ ಸಿಲಿಕೋನಾಗಲಿ, ವೇಷ ಕಟ್ಟುವವನು ಮೊದಲು ಯೋಚಿಸಬೇಕಾದುದು ಅದನ್ನು ಬಿಚ್ಚುವ ಬಗೆಯನ್ನು. ಚೌಕಿಯ ಕೈಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಈ ನಿಯಮವನ್ನು ಹೊಸ ಹವ್ಯಾಸಿಗಳೂ ಕಲಿತರೆ, ಮತ್ಸ್ಯಕನ್ಯೆ ನೀರಿನಿಂದ ಎದ್ದು ಕ್ಷೇಮವಾಗಿ ಮನೆಗೆ ಬರುತ್ತಾಳೆ.